ಬನಶಂಕರಮ್ಮನ ತೊಡೆನೋವು

ಮೊದಲೇ ಹೇಳಿಬಿಡುತ್ತೇನೆ, ನಾನು ಪೈಲ್ವಾನರ ಮನೆತನದವಳಲ್ಲ. ಹದಿನಾಲ್ಕು ವರ್ಷ ಪೇಟೆ ಬೀದಿಯ ಸೀರೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಹಾಸಿ, ಅವರು ಮೂಗು ಮುರಿದ ಮೇಲೆ ಮತ್ತೆ ಮಡಿಸಿ ಇಡುತ್ತಿದ್ದವಳು. ಯಜಮಾನರು ವಯಸ್ಸಾಯಿತೆಂದು ಅಂಗಡಿಯ ಬಾಗಿಲು ಹಾಕಿದಾಗ ನನಗೆ ಮೂವತ್ತಾರು. ಬೇರೆ ಅಂಗಡಿಯವರಿಗೆಲ್ಲ ಇಪ್ಪತ್ತರ ಹುಡುಗಿಯರೇ ಬೇಕಾಗಿತ್ತು. ಆಗ, ಗರಡಿ ಬೀದಿಯ ಚೆಲುವಯ್ಯ ವಸ್ತಾದರು ಹೆಂಗಸರಿಗೂ ಒಂದು ಹೊತ್ತು ಸಾಮು ಹೇಳಿಕೊಡಬೇಕೆಂದಿದ್ದಾರೆ, ಅದಕ್ಕೆ ಒಬ್ಬಳು ಹೆಂಗಸನ್ನು ತಯಾರು ಮಾಡುತ್ತಾರಂತೆ ಎಂಬ ಸುದ್ದಿ ತಂದವನು ನನ್ನ ಗಂಡ ಸಿದ್ದರಾಜು. ಅವನದು ಇಸ್ತ್ರಿ ಗಾಡಿ. ಊರಿನ ಸುದ್ದಿಯೆಲ್ಲ ಬಟ್ಟೆಗಂಟಿನ ಜೊತೆಗೇ ಅವನ ಗಾಡಿಗೆ ಬಂದು ಬೀಳುತ್ತದೆ.

"ಹೋಗಿ ನೋಡು ವನಜಾ. ಆದ್ರೆ ಬೇರೆಯೋರ ನೋವು ತಿನ್ನೋಕೆ ಗಟ್ಟಿ ಮನಸ್ಸು ಮಾಡ್ಕೊಂಡು ಹೋಗು," ಎಂದ.

ನಮ್ಮೂರಿನವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಮೈ ಬಗ್ಗಿಸಿ ಏನನ್ನಾದರೂ ಕಲಿತರೆ ಮರುದಿನದ ಮೈಕೈ ನೋವು ಕಲಿತವರಿಗೆ ಬರುವುದಿಲ್ಲ, ಕಲಿಸಿದವರಿಗೆ ಬರುತ್ತದೆ. ಮಗನಿಗೆ ಸೈಕಲ್ ಕಲಿಸಿದ ಅಪ್ಪ ಮರುದಿನ ತೊಡೆ ಹಿಡಿದುಕೊಂಡು ಆಫೀಸಿನ ಮೆಟ್ಟಿಲು ಹತ್ತುತ್ತಾನೆ, ಮಗ ಸೀಟಿ ಹೊಡೆಯುತ್ತ ಇನ್ನೊಂದು ಸುತ್ತು ಹೋಗುತ್ತಾನೆ. ಅದಕ್ಕೇ ಸೈಕಲ್ ಕಲಿಸುವುದನ್ನು ಉಪಾಯವಾಗಿ ಸೋದರಮಾವನ ತಲೆಗೆ ಕಟ್ಟುವುದು ನಮ್ಮ ಕಡೆಯ ರೂಢಿ. ಸೊಸೆಗೆ ಮುದ್ದೆ ತೊಳಸುವುದನ್ನು ಹೇಳಿಕೊಟ್ಟ ಅತ್ತೆ ಒಂದಷ್ಟು ದಿನ ರಟ್ಟೆ ನೀವಿಕೊಳ್ಳುತ್ತ ಓಡಾಡುತ್ತಾಳೆ. ಕೆಲಸ ಕೈಗೆ ಹತ್ತಿದ ಮೇಲೆ ಅದರ ನೋವೂ ಸೊಸೆಯ ಪಾಲಿಗೇ ಬರುತ್ತದೆ. ಗರಡಿಯಲ್ಲಿ ಮಾತ್ರ ಹಾಗಾದದ್ದನ್ನು ಯಾರೂ ಕಂಡಿರಲಿಲ್ಲ. ಅಲ್ಲಿ ದಿನದಿನವೂ ಭಾರ ಏರುತ್ತದೆ, ಕಲಿಕೆ ಮುಗಿಯುವುದೇ ಇಲ್ಲ, ಆದ್ದರಿಂದ ನೋವು ಕೊನೆಯವರೆಗೂ ವಸ್ತಾದರದೇ ಎಂದು ಎಲ್ಲರೂ ನಂಬಿದ್ದರು.

ಬೇರೆ ಊರುಗಳಲ್ಲಿ ಮೈ ಇಳಿಸಲು ಹೊರಟವರು ಮೂರನೆಯ ದಿನವೇ ನೋವಿಗೆ ಹೆದರಿ ಮನೆಯಲ್ಲಿ ಕೂರುತ್ತಾರಂತೆ. ನಮ್ಮೂರಿನ ಸಾಹುಕಾರರು ಹಾಗಲ್ಲ. "ನಂಗೇನೂ ಅನ್ನಿಸ್ತಾನೇ ಇಲ್ಲ, ಇನ್ನೊಂದಿಪ್ಪತ್ತು ಹೊಡೀಲಾ?" ಎಂದು ಹುರುಪಿನಿಂದ ಕೇಳುತ್ತಾರೆ. ಕಲಿಸುವವನು ಮರುದಿನದ ಬೆಳಗನ್ನು ನೆನೆದು ಎಂಜಲು ನುಂಗಿ "ಹೊಡೀರಿ" ಎನ್ನುತ್ತಾನೆ. ಗರಡಿಯ ಹಳೆಯ ಶಿಷ್ಯನೊಬ್ಬ ತಾನೂ ಕಲಿಸಲು ಶುರುಮಾಡಿದ ವರ್ಷ ಅವನ ಮದುವೆಯಾಯಿತು. ಮದುಮಗ ಹಸೆಮಣೆಯ ಮೇಲೆ ಕಾಲು ಮಡಿಸಿ ಕೂರಲೆಂದು ಅವನ ಹತ್ತಿರ ಕಲಿಯುವವರೆಲ್ಲ ಮೂರು ದಿನ ರಜ ಹಾಕಿದರು. ಒಬ್ಬ ಮಾತ್ರ ಮರೆತು ನೂರು ಬಸ್ಕಿ ಹೊಡೆದುಬಿಟ್ಟ. ಸಪ್ತಪದಿ ತುಳಿಯುವಾಗ ಮದುಮಗ ಹುಡುಗಿಯ ಹೆಗಲು ಹಿಡಿದುಕೊಂಡೇ ನಡೆದನಂತೆ. ಹುಡುಗಿಯ ಕಡೆಯವರು ಎಷ್ಟು ಪ್ರೀತಿ ನೋಡಿ ಎಂದು ಕಣ್ಣೊರೆಸಿಕೊಂಡರಂತೆ.

ಚೆಲುವಯ್ಯ ವಸ್ತಾದರಿಗೆ ಎಪ್ಪತ್ತರ ಹತ್ತಿರ. ಕುಸ್ತಿಯಲ್ಲಿ ಜಜ್ಜಿಹೋದ ಕಿವಿ, ಮಾತು ಕಡಿಮೆ. ಅವರ ಗರಡಿಯಲ್ಲಿ ಒಂದು ಕಡೆ ಕೆಮ್ಮಣ್ಣಿನ ಅಖಾಡ, ಇನ್ನೊಂದು ಕಡೆ ಪುರಸಭೆಯವರು ಕೊಟ್ಟ ಟ್ರೆಡ್‌ಮಿಲ್ಲು, ಡಂಬೆಲ್ಲುಗಳು. ಎಂಟು ತಿಂಗಳು ನಾನು ಅಲ್ಲಿ ಕಲಿತೆ. ದಂಡ, ಬಸ್ಕಿ, ಕಲ್ಲು ಎತ್ತುವುದು, ಉಸಿರು ಹಿಡಿಯುವುದು, ಬಿಡುವುದು. ಅದಕ್ಕಿಂತ ಹೆಚ್ಚಾಗಿ ನೋಡುವುದನ್ನು ಕಲಿತೆ. ಒಬ್ಬ ಮನುಷ್ಯ ಬಾಗಿಲಿನಿಂದ ಒಳಗೆ ಬರುವಷ್ಟರಲ್ಲಿ ಅವನ ಯಾವ ಕಾಲು ಸೋಮಾರಿ, ಯಾವ ಭುಜ ಹೆದರಿದೆ ಎಂದು ವಸ್ತಾದರು ಹೇಳಿಬಿಡುತ್ತಿದ್ದರು. ಬೇರೆಯವರ ನೋವು ಬಂದಾಗ ಎಲ್ಲಿ, ಎಷ್ಟು ಎಂದು ಗಮನಿಸಬೇಕು ಎನ್ನುತ್ತಿದ್ದರು. "ನೋವು ಕಾಗದ ಇದ್ದಂಗೆ. ಅಯ್ಯೋ ಅಂತ ಕೂಗೋಕೆ ಮುಂಚೆ ಏನ್ ಬರ್ದವ್ರೆ ಅಂತ ಓದು." ತೊಡೆಯ ಮಾಂಸ ನೊಂದರೆ ಶಿಷ್ಯ ಸರಿಯಾಗಿ ಮಾಡಿದ್ದಾನೆ. ಮಂಡಿಯೋ ಸೊಂಟವೋ ನೊಂದರೆ ತಪ್ಪು ಮಾಡಿದ್ದಾನೆ, ಅಂದರೆ ನಾವು ತಪ್ಪು ಹೇಳಿಕೊಟ್ಟಿದ್ದೇವೆ.

ಪರೀಕ್ಷೆಯೂ ಇದನ್ನು ಹಿಡಿದೇ ನಡೆಯುತ್ತದೆ. ಕಲಿಸುವ ಕೆಲಸಕ್ಕೆ ಬರುವವರು ಒಬ್ಬರನ್ನು ಆರಿಸಿಕೊಂಡು ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ತಾವೇ ತಯಾರು ಮಾಡಬೇಕು. ಕೊನೆಯ ದಿನ ಸಂಜೆ ಆ ಶಿಷ್ಯರು ಕಲಿತದ್ದನ್ನು ಮಾಡಿ ತೋರಿಸುತ್ತಾರೆ. ಮರುದಿನ ಬೆಳಿಗ್ಗೆ ಮೂಳೆ ಕೂರಿಸುವ ಇಮಾಮ್ ಸಾಬರು ಬಂದು ಕಲಿಸಿದವರ ಮೈಯನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡುತ್ತಾರೆ. ನೋವು ಇರಬೇಕಾದ ಜಾಗದಲ್ಲಿದ್ದರೆ ಪಾಸು. ಬೇರೆ ಕಡೆ ಇದ್ದರೆ, ಅಥವಾ ಎಲ್ಲೂ ಇಲ್ಲದಿದ್ದರೆ, ಇನ್ನೊಂದು ವರ್ಷ ಕಾಯಬೇಕು. ನನಗೆ ಕಾಯುವಂತಿರಲಿಲ್ಲ. ಹೆಂಗಸರಿಗೆಂದು ಇಟ್ಟಿದ್ದ ಆ ಒಂದು ಹೊತ್ತು ಕಲಿಸುವ ಹೆಂಗಸಿಲ್ಲದೆ ಖಾಲಿ ಹೋಗುತ್ತಿತ್ತು. ಈ ಸಲ ಆಗದಿದ್ದರೆ ಅದನ್ನು ಗಂಡಸರಿಗೇ ಕೊಟ್ಟುಬಿಡುವುದಾಗಿ ವಸ್ತಾದರು ಹೇಳಿದ್ದರು. ಅಷ್ಟೇ ಅಲ್ಲ, ನನಗೆ ಆ ಕೆಲಸದ ಹುಚ್ಚು ಹತ್ತಿತ್ತು. ಹದಿನಾಲ್ಕು ವರ್ಷ ಬೇರೆಯವರ ಸೀರೆ ಮಡಿಸಿದವಳಿಗೆ ಇದು ನನ್ನದು ಎನಿಸಿದ ಮೊದಲ ಕೆಲಸ ಅದು.

ನಾನು ಆರಿಸಿಕೊಂಡದ್ದು ನಮ್ಮ ಹಿಂದಿನ ಬೀದಿಯ ಬನಶಂಕರಮ್ಮನವರನ್ನು. ಅರವತ್ತೊಂದು ವರ್ಷದ ನೇಕಾರರ ಹೆಂಗಸು. ಅವರದು ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು, ಏಳುವಾಗ ಗುಂಡಿಯಲ್ಲಿ ನಿಂತು ಮೇಲೆ ಹತ್ತಬೇಕು. ಎರಡು ವರ್ಷದ ಹಿಂದೆ ಅಂಗಳದಲ್ಲಿ ಜಾರಿ ಬಿದ್ದು ಅವರ ತೊಡೆಯ ಮೂಳೆ ಮುರಿದಿತ್ತು. ಮೂಳೆ ಕೂಡಿಕೊಂಡಿತು, ಕಾಲಿನ ಶಕ್ತಿ ಮಾತ್ರ ಹಿಂದಿರುಗಲಿಲ್ಲ. ಬೆಳಿಗ್ಗೆ ಮೈದುನನ ಮಗ ಕೆಲಸಕ್ಕೆ ಹೋಗುವಾಗ ಅವರನ್ನು ಗುಂಡಿಗೆ ಇಳಿಸಿದರೆ, ಮಧ್ಯಾಹ್ನ ಊಟಕ್ಕೆ ಬಂದಾಗಲೇ ಮೇಲೆತ್ತುತ್ತಿದ್ದ. ನಡುವೆ ಬಚ್ಚಲಿಗೆ ಹೋಗಬೇಕಾದೀತೆಂದು ಆಕೆ ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಇದನ್ನು ಅವರು ನನಗೆ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಕೈ ಊರದೆ, ಯಾರನ್ನೂ ಕರೆಯದೆ ನೀವು ಆ ಗುಂಡಿಯಿಂದ ಹನ್ನೆರಡು ಸಲ ಹತ್ತಿ ಇಳಿಯಬೇಕು, ಅದೇ ನಮ್ಮ ಪರೀಕ್ಷೆ ಎಂದೆ.

"ಹನ್ನೆರಡಾ? ಒಂದು ಸಲ ಹತ್ತಿದ್ರೆ ಸಾಕು ಕಣವ್ವ, ಆಮೇಲೆ ನಾನು ಮತ್ತೆ ಯಾಕೆ ಇಳೀಲಿ?" ಎಂದರು ಬನಶಂಕರಮ್ಮ.

ಶುರುಮಾಡಿದೆವು. ಕುರ್ಚಿಯಿಂದ ಏಳುವುದು, ಕೂರುವುದು. ಒಂದು ಇಟ್ಟಿಗೆ ಹತ್ತುವುದು, ಇಳಿಯುವುದು. ಆಮೇಲೆ ಎರಡು ಇಟ್ಟಿಗೆ. ಸಂಜೆ ನಾನು ಎದುರಿಗೆ ನಿಂತು ಮಾಡಿಸುತ್ತಿದ್ದೆ, ಬೆಳಿಗ್ಗೆ ಅವರೊಬ್ಬರೇ ಅಷ್ಟನ್ನು ಮತ್ತೆ ಮಾಡಬೇಕಿತ್ತು. ಅವರ ಕಾಲು ಎರಡು ವರ್ಷ ಸುಮ್ಮನಿದ್ದ ಕಾಲು, ಆದ್ದರಿಂದ ನೋವು ಸ್ವಲ್ಪದ್ದಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ನಾನು ಗೋಡೆಯನ್ನೂ ಗಂಡನನ್ನೂ ಹಿಡಿದುಕೊಂಡು ಏಳುತ್ತಿದ್ದೆ. ಸಿದ್ದರಾಜು ಇಸ್ತ್ರಿ ಪೆಟ್ಟಿಗೆಯಲ್ಲಿ ಹಳೆಯ ಪಂಚೆಯನ್ನು ಬಿಸಿ ಮಾಡಿ ನನ್ನ ತೊಡೆಯ ಮೇಲೆ ಹಾಕುತ್ತಿದ್ದ. "ಬೇರೆಯೋರ ಬಟ್ಟೆ ನಂದು, ಬೇರೆಯೋರ ನೋವು ನಿಂದು. ಸರಿಯಾದ ಜೋಡಿ," ಎನ್ನುತ್ತಿದ್ದ. ಅಂಥ ಗಂಡ ಸಿಕ್ಕಿದ್ದಕ್ಕೆ ನಾನು ದೇವರಿಗೆ ಬೇರೆ ಹರಕೆ ಹೊರಬೇಕಾಗಿಲ್ಲ.

ಕಲಿಯುವವರು ದಿನವೂ ಬೆಳಿಗ್ಗೆ ಏನಾದರೂ ಬಿಸಿಯಾದದ್ದು ತೆಗೆದುಕೊಂಡು ಬಂದು ಕಲಿಸುವವರನ್ನು "ಎಲ್ಲಿದೆ?" ಎಂದು ಕೇಳಬೇಕು. ಇದು ನಮ್ಮೂರಿನ ಮರ್ಯಾದೆ. ಬನಶಂಕರಮ್ಮ ಕೋಲು ಊರಿಕೊಂಡು, ಇನ್ನೊಂದು ಕೈಯಲ್ಲಿ ಬೆಲ್ಲದ ಕಾಫಿಯ ತೂಕುಪಾತ್ರೆ ಹಿಡಿದು ದಿನವೂ ಬರುತ್ತಿದ್ದರು. "ಎಲ್ಲೈತವ್ವ?" ಎಂದು ಕೇಳಿ, ನಾನು ತೋರಿಸಿದ ಜಾಗವನ್ನು ನೋಡಿ, ಏನೂ ಮಾತಾಡದೆ ಹೋಗುತ್ತಿದ್ದರು. ಅವರ ಮುಖ ಸಣ್ಣಗಾಗುತ್ತಿದ್ದುದನ್ನು ನಾನು ಕಂಡೆ. ಆದರೆ ಓದಲಿಲ್ಲ.

ಇಪ್ಪತ್ತನೆಯ ದಿನದ ಹೊತ್ತಿಗೆ ನನ್ನ ನೋವು ಇಳಿಯಿತು. ಇಪ್ಪತ್ಮೂರನೆಯ ದಿನ ಇಲ್ಲವೇ ಇಲ್ಲವೆನ್ನುವಷ್ಟು. ನಾನು ಬೆಳಿಗ್ಗೆ ಹಾಸಿಗೆಯಿಂದ ಚಂಗನೆ ಎದ್ದು ಕುಳಿತೆ. ಸಂಜೆಯ ಕಸರತ್ತಿನಲ್ಲಿ ಬನಶಂಕರಮ್ಮ ಏದುಸಿರು ಬಿಡುತ್ತ, ಸಾಕು ಇವತ್ತಿಗೆ ಎಂದು ಬೇಗ ಮುಗಿಸುತ್ತಿದ್ದರು. ಬೆಳಿಗ್ಗೆ ಪೂರಾ ಮಾಡಿದ್ದಾರಲ್ಲ, ದಣಿದಿದ್ದಾರೆ ಎಂದು ನಾನೂ ಬಿಡುತ್ತಿದ್ದೆ. ನಾಲ್ಕು ದಿನ ನೋವಿಲ್ಲದೆ ಎದ್ದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗರಡಿಗೆ ಹೋಗಿ ವಸ್ತಾದರ ಮುಂದೆ ಎದೆಯುಬ್ಬಿಸಿ ನಿಂತು, "ನನ್ ಮೈ ಗಟ್ಟಿಯಾಯ್ತು ವಸ್ತಾದ್ರೇ. ಈಗ ಅವರೆಷ್ಟು ಮಾಡಿದ್ರೂ ನಂಗೆ ತಾಕಲ್ಲ," ಎಂದೆ.

ಅವರು ಮಗ್ಗುಲಲ್ಲಿದ್ದ ಕಲ್ಲುಗುಂಡನ್ನು ಒರೆಸುತ್ತಲೇ ಕೇಳಿದರು. "ನಾಲ್ಕು ದಿನದಿಂದ ಏನೂ ಇಲ್ವಾ?"

"ಇಲ್ಲ."

"ಕಲ್ಲಾಗಿರೋದು ಮೈ ಅಲ್ಲ, ತಲೆ. ನಲವತ್ತು ವರ್ಷದಿಂದ ಕಲಿಸ್ತಾ ಇದೀನಿ, ನಂಗೇ ಇನ್ನೂ ತಾಕ್ತದೆ. ನಿಂಗೆ ತಾಕಲ್ವಾ? ನಾಳೆ ಬೆಳಿಗ್ಗೆ ಹೇಳ್ದೆ ಕೇಳ್ದೆ ಆಯಮ್ಮನ ಮನೆಗೆ ಹೋಗು."

ಹೋದೆ. ಬೀದಿಯಿಂದಲೇ ಬನಶಂಕರಮ್ಮನವರ ದನಿ ಕೇಳಿಸಿತು. "ಹದ್ನೇಳು... ಹದ್ನೆಂಟು... ಹತ್ತೊಂಬತ್ತು..." ಸದ್ದು ಮಾಡದೆ ಬಾಗಿಲು ತಳ್ಳಿ ನೋಡಿದರೆ, ಆಕೆ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಎಣಿಸುತ್ತಿದ್ದರು. ಒಂದು ಕಾಯಿ ಸುಲಿದರೆ ಒಂದು ಬಸ್ಕಿ. ಎರಡು ಇಟ್ಟಿಗೆಗಳ ಮೇಲೆ ಅವರ ಕನ್ನಡಕದ ಡಬ್ಬಿಯೂ ಎಲೆಯಡಿಕೆ ಚೀಲವೂ ಇದ್ದವು. ನನ್ನನ್ನು ಕಂಡವರೇ "ಇಪ್ಪತ್ತು" ಎಂದು ಹೇಳಿ ಬಾಯಿ ಮುಚ್ಚಿದರು.

ನನಗೆ ಅಳು ಬಂತು. ಸಿಟ್ಟೂ ಬಂತು. "ನಿಮ್ಮನ್ನ ನಂಬಿದ್ನಲ್ಲ ಅಮ್ಮ. ಇನ್ನು ಇಪ್ಪತ್ತೊಂದು ದಿನಕ್ಕೆ ಇಮಾಮ್ ಸಾಬ್ರು ಬರ್ತಾರೆ. ಅವರ್ಗೆ ನಾನು ಅವರೆಕಾಯಿ ತೋರಿಸ್ಲಾ?"

"ಬಯ್ಯಿ. ಬಯ್ಯಬೇಕಾದ್ದೇ," ಎಂದರು ಬನಶಂಕರಮ್ಮ. ಮೊರ ಕೆಳಗಿಟ್ಟರು. "ದಿನಾ ಕಾಫಿ ತರ್ತಿದ್ನಲ್ಲ. ನೀನು ಬಾಗ್ಲಿಗೆ ಬರೋವಾಗ ಗೋಡೆ ಹಿಡ್ಕೊಂಡು ಬರ್ತಿದ್ದೆ. ನನ್ ಕಾಲಿಂದ ನಿನ್ ಕಾಲು ಹಂಗಾಗೋದು ನೋಡೋಕಾಗ್ಲಿಲ್ಲ ಕಣವ್ವ. ನಾನೇನೋ ಮುದುಕಿ, ಇವತ್ತಲ್ಲ ನಾಳೆ ಹೋಗೋಳು. ನೀನು ಸಂಸಾರಸ್ಥೆ. ಗುಂಡಿಯಿಂದ ಎತ್ತೋಕೆ ಹುಡುಗ ಹೆಂಗೂ ಬರ್ತಾನೆ."

ಕನಿಕರದಿಂದ ಕಳ್ಳಾಟ ಆಡಿದವರನ್ನು ಹೇಗೆ ಬಯ್ಯುವುದು? ನಾನು ಅವರ ಮುಂದೆ ನೆಲದ ಮೇಲೆ ಕೂತೆ. ವಸ್ತಾದರು ನನಗೆ ಹೇಳಿದ್ದನ್ನೇ ಹೇಳಿದೆ. ನಿಮ್ಮ ನೋವು ಬಂದರೆ ನಿಮ್ಮ ಕಾಲು ಹೇಗಿದೆ ಎಂದು ನನಗೆ ಗೊತ್ತಾಗುತ್ತದೆ, ಬರದಿದ್ದರೆ ನಾನು ಕಣ್ಣು ಕಟ್ಟಿಕೊಂಡು ಕಲಿಸಿದ ಹಾಗೆ. ಗೋಡೆ ಹಿಡಿದು ನಡೆದರೆ ನನಗೇನೂ ಆಗುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತೇನೆ. ಆದರೆ ನೀವು ನೀರು ಕುಡಿಯದೆ ಗುಂಡಿಯಲ್ಲಿ ಕೂತಿರುತ್ತೀರಲ್ಲ, ಅದು ನನಗೆ ಮಧ್ಯಾಹ್ನವಾದರೂ ಸರಿಹೋಗುವುದಿಲ್ಲ ಎಂದೆ. ಪರೀಕ್ಷೆಯ ಚಿಂತೆಯಿಂದ ಬಂದವಳು ಪರೀಕ್ಷೆಯನ್ನು ಮರೆತು ಮಾತಾಡಿದ್ದೆ, ಅದು ನನಗೇ ಆಶ್ಚರ್ಯ.

ಬನಶಂಕರಮ್ಮ ಕೋಲು ಹಿಡಿದು ಎದ್ದು, ಇಟ್ಟಿಗೆಯ ಮೇಲಿನ ಕನ್ನಡಕದ ಡಬ್ಬಿಯನ್ನೂ ಚೀಲವನ್ನೂ ತೆಗೆದು ಕಿಟಕಿಯಲ್ಲಿಟ್ಟರು. "ಒಂದರಿಂದ ಎಣ್ಸು," ಎಂದರು.

ಮರುದಿನ ನಾನು ಮತ್ತೆ ಗೋಡೆ ಹಿಡಿದುಕೊಂಡೆ. ಆ ನೋವು ತವರಿನಿಂದ ಬಂದ ಸುದ್ದಿಯಷ್ಟು ಹಿತವಾಗಿತ್ತು ಎಂದರೆ ನೀವು ನಂಬಬೇಕು. ಅಂದಿನಿಂದ ನಮ್ಮ ಬೆಳಗಿನ ಕಾಫಿಯ ರೀತಿಯೇ ಬದಲಾಯಿತು. ಬನಶಂಕರಮ್ಮ "ಎಲ್ಲೈತೆ?" ಎಂದು ಕೇಳಿ ಸುಮ್ಮನೆ ಹೋಗುತ್ತಿರಲಿಲ್ಲ. "ಎಡಗಡೆ ಸೊಂಟದಲ್ಲಿ" ಎಂದರೆ "ಅಲ್ಲಿಗೆ ಯಾಕೆ ಹೋಯ್ತು?" ಎಂದು ಹಟ ಹಿಡಿಯುತ್ತಿದ್ದರು. ಮುರಿದ ಕಾಲಿಗೆ ಹೆದರಿ ಒಳ್ಳೆಯ ಕಾಲಿನ ಕಡೆ ವಾಲುತ್ತೀರಿ, ಅದಕ್ಕೆ ಎಂದರೆ, ಅಲ್ಲೇ ನಿಂತು ವಾಲಿ ನೋಡಿ, ವಾಲದೆ ನೋಡಿ, ಹೂಂ ಎಂದು ತಲೆಯಾಡಿಸುತ್ತಿದ್ದರು. ಹಿಮ್ಮಡಿಯ ಮೇಲೆ ಯಾಕೆ ಭಾರ ಬಿಡಬೇಕು, ಹತ್ತುವಾಗ ಯಾಕೆ ಉಸಿರು ಬಿಡಬೇಕು, ಇಳಿಯುವಾಗ ಯಾಕೆ ನಿಧಾನ. ಅವರ ಪ್ರಶ್ನೆಗಳಿಗೆ ಉತ್ತರ ಹುಡುಕಲು ನಾನು ಓಡಿ ಗರಡಿಗೆ ಹೋಗಬೇಕಾಗುತ್ತಿತ್ತು. ನಾನು ವಸ್ತಾದರನ್ನು ಯಾವತ್ತೂ ಯಾಕೆ ಎಂದು ಕೇಳಿರಲಿಲ್ಲ, ಹೇಳಿದ್ದನ್ನು ಮಾಡಿದ್ದೆ ಅಷ್ಟೆ. ನಿಜವಾಗಿ ನನಗೆ ಆ ವಿದ್ಯೆ ಕಲಿಸಿದವರಲ್ಲಿ ಅರ್ಧ ಪಾಲು ಆ ನೇಕಾರರ ಅಮ್ಮನದು, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮೂವತ್ತೈದನೆಯ ದಿನ ನಾಲ್ಕು ಇಟ್ಟಿಗೆ. ನಲವತ್ತನೆಯ ದಿನ ಗುಂಡಿಯ ಅಂಚಿಗೆ ಕೈ ಊರಿ ಮೇಲೆ ಬಂದರು. ನಲವತ್ಮೂರನೆಯ ದಿನ ಕೈ ಊರದೆ ಒಂದು ಸಲ ಬಂದು, ತಾವೇ ನಂಬದವರಂತೆ ಗುಂಡಿಯ ಕಡೆ ತಿರುಗಿ ನೋಡಿದರು. ಆಮೇಲೆ ಅಡಿಗೆಮನೆಗೆ ನಡೆದು ಹೋಗಿ ಒಂದು ಚೊಂಬು ನೀರನ್ನು ಗಟಗಟ ಕುಡಿದರು. ಪರೀಕ್ಷೆಗೆ ಮುಂಚಿನ ಎರಡು ದಿನ ಕಾಲಿಗೆ ವಿಶ್ರಾಂತಿ ಕೊಡುವುದು ನಿಯಮ. ಆ ಎರಡು ದಿನ ನಾನು ಅವರ ಮನೆಯ ಕಡೆ ಹೋಗಲಿಲ್ಲ. ನನಗೆ ನೋವೂ ಬರಲಿಲ್ಲ, ರಜ ತಾನೇ ಎಂದುಕೊಂಡೆ.

ನಲವತ್ತೆಂಟನೆಯ ದಿನ ಸಂಜೆ ವಸ್ತಾದರೂ ಇಮಾಮ್ ಸಾಬರೂ ಬನಶಂಕರಮ್ಮನವರ ನಡುಮನೆಯಲ್ಲಿ ಚಾಪೆಯ ಮೇಲೆ ಕೂತರು. ಜೊತೆ ಕೊಡಲೆಂದು ನಾನೂ ಗುಂಡಿಯಷ್ಟೇ ಎತ್ತರದ ಕಲ್ಲೊಂದನ್ನು ಹಾಕಿಸಿಕೊಂಡು, ಅವರು ಹತ್ತಿದಾಗ ಹತ್ತಿ, ಇಳಿದಾಗ ಇಳಿದೆ. ಬನಶಂಕರಮ್ಮ ನನ್ನನ್ನು ನೋಡಲೇ ಇಲ್ಲ. ನೇಯುವಾಗಿನ ಹಾಗೆ ತುಟಿಯೊಳಗೆ ಏನೋ ಹೇಳಿಕೊಳ್ಳುತ್ತ, ಲಾಳಿ ಹೋಗಿ ಬರುವಷ್ಟು ಸಮನಾಗಿ, ಹನ್ನೆರಡು ಸಲ ಹತ್ತಿ ಇಳಿದರು. ಹನ್ನೆರಡನೆಯದು ಮುಗಿದಾಗ ಇಮಾಮ್ ಸಾಬರು ಗಡ್ಡ ನೀವಿಕೊಂಡು, "ನಾಳೆ ಬೆಳಿಗ್ಗೆ ನೋಡೋಣ ತಾಯಿ," ಎಂದು ನನಗೆ ಹೇಳಿ ಎದ್ದರು.

ಬೆಳಿಗ್ಗೆ ಎಚ್ಚರವಾದಾಗ ನಾನು ಅಲ್ಲಾಡದೆ ಮಲಗಿದ್ದೆ. ನೋವು ಬರುತ್ತದೆ, ಅದನ್ನು ಮರ್ಯಾದೆಯಿಂದ ಬರಮಾಡಿಕೊಳ್ಳೋಣ ಎಂದು. ಮೆಲ್ಲಗೆ ಕಾಲು ಮಡಿಸಿದೆ. ಏನೂ ಇಲ್ಲ. ಎದ್ದು ಕೂತೆ. ಏನೂ ಇಲ್ಲ. ಹೊಸ್ತಿಲು ದಾಟಿ ಮೂರು ಮೆಟ್ಟಿಲು ಇಳಿದು ಹತ್ತಿದೆ. ಸೀರೆ ಅಂಗಡಿಗೆ ರಜ ಇದ್ದ ದಿನಗಳಲ್ಲಿ ಇರುತ್ತಿದ್ದಷ್ಟು ಹಗುರವಾಗಿತ್ತು ನನ್ನ ಮೈ. ಬಿಸಿ ಪಂಚೆ ಹಿಡಿದು ನಿಂತಿದ್ದ ಸಿದ್ದರಾಜು ನನ್ನ ಮುಖ ನೋಡಿ ಅದನ್ನು ಮಡಿಸಿ ಗಾಡಿಯ ಮೇಲಿಟ್ಟ. ಹನ್ನೆರಡು ಸಲ ಹತ್ತಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೆ. ಇದು ಅವರೆಕಾಯಿಯ ಲೆಕ್ಕವಲ್ಲ. ಹಾಗಾದರೆ ನೋವು ಎಲ್ಲಿಗೆ ಹೋಯಿತು?

ಗರಡಿಯಲ್ಲಿ ಇಮಾಮ್ ಸಾಬರು ತೊಡೆ ಒತ್ತಿದರು, ಪಿರ್ರೆ ಒತ್ತಿದರು, ಮೀನಖಂಡ, ಸೊಂಟ, ಬೆನ್ನು. ಅವರ ಹೆಬ್ಬೆಟ್ಟು ಗೋಡೆಗೆ ಮೊಳೆ ಹೊಡೆದಂತೆ ಇಳಿಯುತ್ತದೆ. ಒಂದೊಂದು ಕಡೆಯೂ "ಇಲ್ಲಿ?" ಎಂದು ಕೇಳಿದರು. ಇಲ್ಲ, ಇಲ್ಲ, ಇಲ್ಲ ಎಂದೆ. ಸುಳ್ಳು ಹೇಳಿ ಅಯ್ಯೋ ಎನ್ನಬಹುದಿತ್ತು. ಆ ಹೆಬ್ಬೆಟ್ಟಿನ ಮುಂದೆ ಯಾರ ಸುಳ್ಳೂ ನಡೆಯುವುದಿಲ್ಲ. ಅವರು ಪರೀಕ್ಷೆಯ ಕಾಗದದಲ್ಲಿ ಏನೂ ಬರೆಯದೆ ಪೆನ್ನಿಗೆ ಕ್ಯಾಪು ಹಾಕಿ ವಸ್ತಾದರ ಕಡೆ ನೋಡಿದರು.

"ಆಯಮ್ಮಂಗೆ ಬೇರೆ ಯಾರಾದ್ರೂ ಕಲಿಸಿದ್ರಾ?" ವಸ್ತಾದರ ದನಿ ತಣ್ಣಗಿತ್ತು.

ಬೇರೆಯವರು ತಯಾರು ಮಾಡಿದ ಶಿಷ್ಯರನ್ನು ತನ್ನವರೆಂದು ತೋರಿಸುವುದಕ್ಕಿಂತ ದೊಡ್ಡ ಕಳ್ಳತನ ನಮ್ಮೂರಿನಲ್ಲಿಲ್ಲ. ಇಲ್ಲವೆಂದು ಹೇಳಿದೆ. ಅವರು ನಂಬಿದರೋ ಬಿಟ್ಟರೋ ತಿಳಿಯಲಿಲ್ಲ. "ಹಂಗಾರೆ ಕಾಯೋಣ. ಆಯಮ್ಮನೇ ಬಂದು ಹೇಳ್ಲಿ," ಎಂದು ಬಾಗಿಲ ಕಡೆ ತಿರುಗಿ ಕೂತರು. ಬೆಳಗಿನ ಕಾಫಿ ತೆಗೆದುಕೊಂಡು ಬನಶಂಕರಮ್ಮ ಬರಬೇಕಾದ ಹೊತ್ತು ಮೀರಿತ್ತು. ಗಂಡಸರ ಹೊತ್ತಿನವರು ಬಂದು, ನಮ್ಮನ್ನು ನೋಡಿ, ಹೊರಗೇ ನಿಂತರು. ನಾನು ಮನಸ್ಸಿನಲ್ಲೇ ಸೀರೆ ಮಡಿಸಲು ಶುರುಮಾಡಿದ್ದೆ.

ಕೊನೆಗೆ ಬೀದಿಯಲ್ಲಿ ಕೋಲಿನ ಸದ್ದಾಯಿತು. ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಬನಶಂಕರಮ್ಮ ಬಾಗಿಲಿಗೆ ಬಂದರು. ಒಂದು ಕೈ ಗೋಡೆಯ ಮೇಲೆ. ಹೆಜ್ಜೆಗೊಮ್ಮೆ "ಅಮ್ಮಾ, ಅಮ್ಮಾ" ಎನ್ನುತ್ತಿದ್ದರು. ತೂಕುಪಾತ್ರೆಯ ಕಾಫಿ ಅರ್ಧ ಸೀರೆಯ ಮೇಲಿತ್ತು. ದಾರಿಯಲ್ಲಿ ಬಿದ್ದರೆಂದುಕೊಂಡೆ. ಆದರೆ ಆಕೆಯ ಮುಖದಲ್ಲಿ ನಗು.

"ಎಲ್ಲೈತೆ ಅಂತ ಇವತ್ತು ನಿನ್ನ ಕೇಳಲ್ಲ ಕಣವ್ವ," ಎಂದರು. "ಎಲ್ಲಾ ಇಲ್ಲೇ ಐತೆ." ಎರಡೂ ತೊಡೆಗಳನ್ನು ಮುಟ್ಟಿ ತೋರಿಸಿದರು.

ಇಮಾಮ್ ಸಾಬರು ದಡಬಡಿಸಿ ಎದ್ದು ಅವರನ್ನು ಬೆಂಚಿನ ಮೇಲೆ ಕೂರಿಸಿ, ಅಪ್ಪಣೆ ಕೇಳಿ, ಸೀರೆಯ ಮೇಲಿನಿಂದಲೇ ಹೆಬ್ಬೆಟ್ಟು ಊರಿದರು. ತೊಡೆಯ ಮುಂಭಾಗದಲ್ಲಿ ಅಮ್ಮಾ. ಮಂಡಿಯಲ್ಲಿ ಏನಿಲ್ಲ. ಸೊಂಟದಲ್ಲಿ ಏನಿಲ್ಲ. ಪಿರ್ರೆಯಲ್ಲಿ, ಆ ಮಾತನ್ನು ಸಾಬರು ಕಣ್ಣಿನಲ್ಲೇ ಕೇಳಿದರು, ಅಮ್ಮಾ. ಎಡಗಾಲಿನಲ್ಲಿ ಎಷ್ಟೋ ಬಲಗಾಲಿನಲ್ಲೂ ಅಷ್ಟೇ.

"ರಜ ಅಂತ ಹೇಳಿದ್ಯಲ್ಲ, ನಾನು ರಜ ಮಾಡ್ಲಿಲ್ಲ, ಅದೊಂದು ತಪ್ಪು," ಎಂದರು ಬನಶಂಕರಮ್ಮ ನನಗೆ. "ಒಂದೊಂದು ಮೊಳ ನೇಯ್ದಾಗ್ಲೂ ಒಂದು ಸಲ ಹತ್ತಿ ಹೋಗಿ ನೀರು ಕುಡಿದು ಬಂದೆ. ನೀನಿರ್ಲಿಲ್ಲ. ಕಾಲು ಎಲ್ಲಿಡಬೇಕು, ಉಸಿರು ಎಲ್ಲಿ ಬಿಡಬೇಕು, ಎಲ್ಲಾ ನಾನೇ ಹೇಳ್ಕೊಂಡೆ. ಕಾಲು ಚೂರು ಹಿಡ್ಕೊಂಡಿತ್ತು, ಮಗ್ಗದ್ದು ಅಂದ್ಕೊಂಡೆ. ನಿನ್ನೆ ಇವರ ಮುಂದೆ ಮಾಡೋವಾಗ್ಲೂ ಹಂಗೇ ಹೇಳ್ಕೊಂಡು ಮಾಡ್ದೆ. ಬೆಳಿಗ್ಗೆ ಏಳೋಕೆ ಹೋದ್ರೆ ಏಳೋಕಾಗ್ತಾ ಇಲ್ಲ. ಮೊದಲು ಹೆದರ್ಕೊಂಡೆ. ಆಮೇಲೆ ನಮ್ಮಮ್ಮ ಜ್ಞಾಪಕಕ್ಕೆ ಬಂದ್ಲು. ನಂಗೆ ಮಗ್ಗ ಕಲಿಸಿದೋಳು ಅವಳೇ. ಒಂದು ವರ್ಷ ಕಾಲು ಎಳ್ಕೊಂಡು ಓಡಾಡಿದ್ಲು. ಒಂದಿನ ನಾನು ಹಾಸಿಗೇಲಿ ನರಳ್ತಾ ಇದ್ರೆ ಅವಳು ಬಂದು ನನ್ ಕಾಲು ಮುಟ್ಟಿ, ನಿಂಗೆ ಬಂತಲ್ಲ, ಇನ್ನು ಮಗ್ಗ ನಿಂದು ಅಂತ ಹೇಳಿ ಬೀದಿಗೆಲ್ಲ ಸಕ್ಕರೆ ಹಂಚಿದ್ಲು."

ಇಮಾಮ್ ಸಾಬರು ಪೆನ್ನಿನ ಕ್ಯಾಪು ತೆಗೆದು, ಪರೀಕ್ಷೆಯ ಕಾಗದದಲ್ಲಿ ನೋವಿನ ಜಾಗ ಎಂದಿದ್ದ ಕಡೆ ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು. "ಎರಡೂ ತೊಡೆ, ಎರಡೂ ಪಿರ್ರೆ. ಸರಿಯಾದ ಜಾಗ. ಕಲಿತವರ ಮೈಯಲ್ಲೇ ಇದೆ." ಕೆಳಗೆ ಪಾಸು ಎಂದು ಬರೆದು ಸಹಿ ಹಾಕಿ ಕಾಗದವನ್ನು ವಸ್ತಾದರಿಗೆ ಕೊಟ್ಟರು. ವಸ್ತಾದರು ಅದನ್ನು ಎರಡು ಸಲ ಓದಿದರು. "ನಲವತ್ತು ವರ್ಷ ಕಲಿಸಿದೀನಿ. ಒಬ್ಬರ ನೋವೂ ಅವರ ಮನೆಗೆ ವಾಪಸ್ ಹೋಗ್ಲಿಲ್ಲ," ಎಂದು ಹೇಳಿ ತಾವೂ ಸಹಿ ಹಾಕಿದರು. ನಾನು ಬನಶಂಕರಮ್ಮನವರ ಕಾಲ ಬಳಿ ಕೂತು ಅವರ ತೊಡೆ ನೀವಿದೆ. ನಗುತ್ತಿದ್ದೆ, ಕಣ್ಣಿನಿಂದ ನೀರೂ ಬರುತ್ತಿತ್ತು. "ಮೆತ್ತಗೆ ಕಣವ್ವ, ಅದು ನಂದು," ಎಂದರು ಆಕೆ.

ಅವರನ್ನು ಆಟೋ ಹತ್ತಿಸಿ ಒಳಗೆ ಬಂದಾಗ ವಸ್ತಾದರು ಅಖಾಡದ ಕಟ್ಟೆಯ ಮೇಲೆ ಕೂತು ಏಳಲು ನೋಡುತ್ತಿದ್ದರು. ಒಂದು ಸಲಕ್ಕೆ ಆಗಲಿಲ್ಲ. ಆಗ ನನಗೆ ಹೊಳೆಯಿತು. ನಿನ್ನೆ ಹನ್ನೆರಡು ಸಲ ಹತ್ತಿದವರು ಬನಶಂಕರಮ್ಮ ಒಬ್ಬರೇ ಅಲ್ಲ.

"ವಸ್ತಾದ್ರೇ, ನನ್ನದು ಎಲ್ಲಿದೆ?" ಎಂದು ಕೇಳಿದೆ.

ಎಂಟು ತಿಂಗಳಲ್ಲಿ ಹೀಗೆ ಕೇಳಿದಾಗಲೆಲ್ಲ, ಇಪ್ಪತ್ತು ಜನದ ನೋವಿನಲ್ಲಿ ನಿನ್ನದು ಎಲ್ಲಿ ಹುಡುಕಲಿ ಎಂದು ಬಾಯಿ ಮುಚ್ಚಿಸಿಬಿಡುತ್ತಿದ್ದರು. ನಾನೂ ಕಾಫಿ ಇಟ್ಟು ಹೋಗುತ್ತಿದ್ದೆ. ಈ ಸಲ ಹೋಗದೆ ಅಲ್ಲೇ ನಿಂತೆ. ಅವರು ನನ್ನ ಮುಖ ನೋಡಿ, ಬಲಗಾಲು ಚಾಚಿ, ಮಂಡಿಯಿಂದ ನಾಲ್ಕು ಬೆರಳು ಮೇಲೆ, ಹೊರಮಗ್ಗುಲಲ್ಲಿ ಬೆರಳಿಟ್ಟರು.

"ಇಲ್ಲಿ. ಬಲಗಾಲು ಇಡೋವಾಗ ನೀನು ಹೊರಗೆ ವಾಲ್ತೀಯ. ಮೊದಲನೇ ದಿನದಿಂದ."

"ಹೇಳಬಾರದಿತ್ತಾ?"

"ನೂರು ಸಲ ಹೇಳಿದೀನಿ. ನಿಂಗೇ ನೋವಾಗಿದ್ರೆ ಒಂದೇ ಸಲಕ್ಕೆ ಕೇಳ್ತಿತ್ತು."

ಅವರ ತೊಡೆಯ ಆ ಜಾಗದ ಮೇಲೆ ಅಂಗೈ ಇಟ್ಟೆ. ಗಂಟು ಕಟ್ಟಿತ್ತು. ಎಂಟು ತಿಂಗಳಿನಿಂದ ನಾನು ಹಗುರವಾಗಿ ಓಡಾಡಿದ್ದೆಲ್ಲ ಅಲ್ಲಿತ್ತು. ಗಂಟು ಮೆತ್ತಗಾಗುವವರೆಗೆ ನೀವಿದೆ. ಥ್ಯಾಂಕ್ಸ್ ಎನ್ನುವ ಮಾತು ನಮ್ಮ ಗರಡಿಯಲ್ಲಿ ರೂಢಿಯಿಲ್ಲ, ಆದರೂ ನನಗೆ ಗೊತ್ತಿದ್ದ ಮಾತುಗಳಲ್ಲೆಲ್ಲ ಅದನ್ನು ಹೇಳಿದೆ. ಅವರು ಗೋಡೆಯ ಕಡೆ ನೋಡುತ್ತ ಕೇಳಿಸಿಕೊಂಡರು. ಆಮೇಲೆ ನಾನು ಎದ್ದು ಗರಡಿಯಲ್ಲಿದ್ದ ಹತ್ತುವ ಕಲ್ಲಿನ ಮುಂದೆ ನಿಂತೆ. ಬಲಗಾಲು ನೆಟ್ಟಗಿಟ್ಟೆ, ಮಂಡಿ ಎತ್ತ ಹೋಗುತ್ತಿದೆ ಎಂದು ಬಗ್ಗಿ ನೋಡಿಕೊಂಡೆ, ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ.

"ಎಷ್ಟು ಮಾಡ್ಲಿ ವಸ್ತಾದ್ರೇ?" ಎಂದೆ.

"ನನ್ನನ್ನೇನು ಕೇಳ್ತೀಯ," ಎಂದರು ಅವರು. "ನಿನ್ನ ಕಾಲನ್ನ ಕೇಳು."